ಅಪ್ಪನ ಪಕ್ಷ, ಮಾವನ ಪಕ್ಷ ಮತ್ತು ನನ್ನ ಎಕ್ಸೆಲ್ ಶೀಟ್

ನಮ್ಮನೇಲಿ ಎರಡು ಪಕ್ಷ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಕಮಲ ಬಿಟ್ಟು ಬೇರೆ ಬಟನ್ ಒತ್ತಿದವರಲ್ಲ. ಸೋದರಮಾವ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ. ಅವರ ಮನೆಯಲ್ಲಿ ತಾತನ ಕಾಲದಿಂದಲೂ ಕೈ ಗುರುತೇ. 2023ರ ವಿಧಾನಸಭಾ ಫಲಿತಾಂಶದ ದಿನ ಮಾವ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಪಟಾಕಿ ಸ್ಟಿಕ್ಕರ್ ಹಾಕಿದರು. ಅಪ್ಪ ಏನೂ ಬರೆಯದೆ ಗ್ರೂಪ್ ಬಿಟ್ಟರು. ಆಮೇಲೆ ಹತ್ತು ತಿಂಗಳು ಇಬ್ಬರಿಗೂ ಮಾತಿಲ್ಲ. ಅಮ್ಮ ತವರಿಗೆ ಒಬ್ಬರೇ ಬಸ್ಸು ಹತ್ತಿ ಹೋಗಿ ಬರುತ್ತಿದ್ದರು. ಟಿಕೆಟ್ ಫ್ರೀ ಇತ್ತು, ಅದೂ ಜಗಳಕ್ಕೆ ಇನ್ನೊಂದು ವಿಷಯವಾಯಿತು ಅಷ್ಟೆ.

ನನಗೆ ರಾಜಕೀಯ ಅಂದರೆ ಆಫೀಸ್ ಕ್ಯಾಬ್‌ನಲ್ಲಿ ಇಯರ್‌ಫೋನ್ ಹಾಕಿಕೊಳ್ಳೋದಕ್ಕೆ ಒಂದು ಕಾರಣ. ಆದರೆ 2024ರ ಮಾರ್ಚ್‌ನಲ್ಲಿ ಒಂದು ರಾತ್ರಿ ನಿದ್ದೆ ಕೆಟ್ಟಿತು, ಅದೂ ಪ್ರೊಡಕ್ಷನ್ ಇಶ್ಯೂ ಇಲ್ಲದೆ.

ನಿಮಗೆ ನೆನಪಿರಬಹುದು. ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಚುನಾವಣಾ ಬಾಂಡ್ ಯೋಜನೆಯನ್ನು ಅಸಾಂವಿಧಾನಿಕ ಅಂತ ಒಮ್ಮತದಿಂದ ರದ್ದು ಮಾಡಿತ್ತು. ಯಾರು ಯಾರಿಗೆ ಕೊಟ್ಟರು ಅಂತ ಹೇಳೋಕೆ ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಟೈಮ್ ಕೇಳಿತು. ಕೋರ್ಟ್ ಒಪ್ಪಲಿಲ್ಲ. ಮಾರ್ಚ್ 14ಕ್ಕೆ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಎರಡು ಪಿಡಿಎಫ್ ಬಂದವು. ಒಂದರಲ್ಲಿ ಬಾಂಡ್ ಕೊಂಡವರು, ಇನ್ನೊಂದರಲ್ಲಿ ನಗದು ಮಾಡಿಕೊಂಡ ಪಕ್ಷಗಳು. ಎರಡನ್ನೂ ಜೋಡಿಸೋ ಕೀ ಮಾತ್ರ ಇಲ್ಲ. ಡೇಟಾಬೇಸ್ ಕೆಲಸ ಮಾಡುವವರಿಗೆ ಇದು ಎಂಥ ಕಿರಿಕಿರಿ ಅಂತ ಗೊತ್ತು. ಕೋರ್ಟ್ ಮತ್ತೆ ಗದರಿದ ಮೇಲೆ ಮಾರ್ಚ್ 21ಕ್ಕೆ ಬಾಂಡ್ ನಂಬರ್ ಸಮೇತ ಪಟ್ಟಿ ಬಂತು. ಅವತ್ತು ರಾತ್ರಿ ಪಿಡಿಎಫ್ ಅನ್ನು ಟೇಬಲ್ ಮಾಡಿ, ನಂಬರ್ ಮೇಲೆ ಜಾಯಿನ್ ಹೊಡೆದೆ. ಇಂಜಿನಿಯರಿಂಗ್ ಓದಿದ್ದು ಆ ರಾತ್ರಿ ಮೊದಲ ಸಲ ನನ್ನ ಸ್ವಂತದ ಒಂದು ಪ್ರಶ್ನೆಗೆ ಉಪಯೋಗಕ್ಕೆ ಬಂತು ಅನ್ನಿಸಿತು.

ಮೊದಲು ನೋಡಿದ್ದು ಒಟ್ಟು ಮೊತ್ತ. 2019ರ ಏಪ್ರಿಲ್‌ನಿಂದ ಯೋಜನೆ ನಿಲ್ಲುವವರೆಗೆ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್‌ಗೆ 1,600 ಕೋಟಿ ಮೀರಿ, ಕಾಂಗ್ರೆಸ್‌ಗೆ 1,420 ಕೋಟಿ, ತೆಲಂಗಾಣದ ಬಿಆರ್‌ಎಸ್‌ಗೆ 1,200 ಕೋಟಿಗೂ ಹೆಚ್ಚು. ಇಲ್ಲಿಯವರೆಗೆ ಟಿವಿಯಲ್ಲೂ ಬಂದಿತ್ತು. ಬೆಳಗಿನ ಜಾವದವರೆಗೂ ನನ್ನನ್ನು ಕೂರಿಸಿದ್ದು ಕೊಟ್ಟವರ ಹೆಸರಿನ ಪಕ್ಕದ ಕಾಲಂ. ಅತಿ ಹೆಚ್ಚು ಬಾಂಡ್ ಕೊಂಡದ್ದು ಫ್ಯೂಚರ್ ಗೇಮಿಂಗ್ ಅನ್ನೋ ಲಾಟರಿ ಕಂಪನಿ, 1,368 ಕೋಟಿ. ಅದರಲ್ಲಿ ತೃಣಮೂಲಕ್ಕೆ ಸುಮಾರು 540 ಕೋಟಿ, ಡಿಎಂಕೆಗೆ 500 ಕೋಟಿ, ವೈಎಸ್‌ಆರ್ ಕಾಂಗ್ರೆಸ್‌ಗೆ 150 ಕೋಟಿ ಚಿಲ್ಲರೆ, ಬಿಜೆಪಿಗೆ 100 ಕೋಟಿ, ಕಾಂಗ್ರೆಸ್‌ಗೆ 50 ಕೋಟಿ. ಎರಡನೆಯದು ಹೈದರಾಬಾದಿನ ಮೇಘಾ ಇಂಜಿನಿಯರಿಂಗ್, 966 ಕೋಟಿ. ಬಿಜೆಪಿಗೆ 580 ಕೋಟಿಗೂ ಹೆಚ್ಚು, ಬಿಆರ್‌ಎಸ್‌ಗೆ 195, ಡಿಎಂಕೆಗೆ 85. ಅದೇ ಗುಂಪಿನ ಇನ್ನೊಂದು ಕಂಪನಿಯಿಂದ ಕಾಂಗ್ರೆಸ್‌ಗೆ 110 ಕೋಟಿ.

ನಾವು ಸರ್ವರ್ ಇಡೋದೂ ಹೀಗೇ ಅಲ್ವಾ? ಒಂದು ಮುಂಬೈಯಲ್ಲಿ, ಇನ್ನೊಂದು ಹೈದರಾಬಾದಿನಲ್ಲಿ. ಒಂದು ಬಿದ್ದರೆ ಟ್ರಾಫಿಕ್ ಇನ್ನೊಂದಕ್ಕೆ. ಬಳಕೆದಾರನಿಗೆ ಗೊತ್ತೂ ಆಗಲ್ಲ.

ಒಂದು ಪಕ್ಷದ ಹೆಸರು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಪಿಐ(ಎಂ) ಬಾಂಡೇ ಬೇಡ ಅಂದು ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಂದು. ಕೊಡುವವರು ಇದ್ದರೂ ತೆಗೆದುಕೊಳ್ಳದೆ ಇರೋಕೆ ಸಾಧ್ಯ ಅಂತ ಅಷ್ಟಾದರೂ ಗೊತ್ತಾಯಿತು. ಹಾಗಂತ ಅವರು ಅಧಿಕಾರದಲ್ಲಿದ್ದಾಗ ಬೇರೆ ಲೋಕವೇನೂ ಅಲ್ಲ. ವಿಳಿಂಜಂ ಬಂದರಿಗೆ ಅದಾನಿ ಜೊತೆ 2015ರಲ್ಲಿ ಒಪ್ಪಂದ ಮಾಡಿದ್ದು ಕೇರಳದ ಕಾಂಗ್ರೆಸ್ ಸರ್ಕಾರ, ಆಗ ಟೀಕಿಸಿದ ಎಡರಂಗವೇ ಮುಂದೆ ಅದನ್ನು ಕಟ್ಟಿಸಿತು, 2025ರ ಮೇ ತಿಂಗಳಲ್ಲಿ ಉದ್ಘಾಟಿಸಿದ್ದು ಮೋದಿ, ವೇದಿಕೆಯಲ್ಲಿ ಪಿಣರಾಯಿ ವಿಜಯನ್. ಮೂರೂ ಬಣ್ಣ ಒಂದೇ ಬಂದರಿನಲ್ಲಿ.

ಯುಗಾದಿಗೆ ಅಮ್ಮ ಹಟ ಹಿಡಿದು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಒಬ್ಬಟ್ಟು ಮುಗಿದ ಮೇಲೆ ನಾನು ಲ್ಯಾಪ್‌ಟಾಪ್ ತೆಗೆದೆ. ಇಬ್ಬರೂ ಮೊದಲು ಹುಡುಕಿದ್ದು ಇನ್ನೊಬ್ಬರ ಪಕ್ಷದ ಅಂಕಿ.

‘ನೋಡಿ ಭಾವ, ನಿಮ್ಮೋರದ್ದು ನಮ್ಮೋರ ನಾಲ್ಕರಷ್ಟಿದೆ’ ಅಂದರು ಮಾವ.

‘ಅಧಿಕಾರ ಇರೋ ಕಡೆ ಜಾಸ್ತಿ ಬರುತ್ತಪ್ಪ. ನಿಮ್ಮೋರಿಗೆ ದೆಹಲಿ ಸಿಕ್ಕಿದ್ದಿದ್ರೆ ಇಸ್ಕೊಳ್ತಿರ್ಲಿಲ್ವಾ?’ ಅಂದರು ಅಪ್ಪ.

ಇಬ್ಬರ ಮಾತಿನಲ್ಲೂ ನಿಜ ಇತ್ತು. ಈ ಯೋಜನೆ ತಂದವರು, ಅತಿ ಹೆಚ್ಚು ಪಡೆದವರು ಬಿಜೆಪಿಯವರೇ. ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 7.5ಕ್ಕಿಂತ ಹೆಚ್ಚು ದೇಣಿಗೆ ಕೊಡಬಾರದು ಅನ್ನೋ ಮಿತಿ ತೆಗೆದದ್ದೂ 2017ರ ಅವರ ಹಣಕಾಸು ಕಾಯ್ದೆ. ಎರಡೂ ಪಕ್ಷ ಒಂದೇ ಅಂತ ಸುಲಭವಾಗಿ ಹೇಳಿ ಇದನ್ನು ಮರೆಸಬಾರದು. ಆದರೆ ಅವತ್ತು ನಾನು ಇನ್ನೊಂದು ಹಳೇ ಕಥೆಯನ್ನೂ ಹೇಳಿದೆ. ವೇದಾಂತ ಗುಂಪಿನ ಕಂಪನಿಗಳಿಂದ ಬಿಜೆಪಿ, ಕಾಂಗ್ರೆಸ್ ಎರಡೂ ದೇಣಿಗೆ ಪಡೆದು ವಿದೇಶಿ ದೇಣಿಗೆ ಕಾನೂನು ಮುರಿದಿವೆ ಅಂತ ದೆಹಲಿ ಹೈಕೋರ್ಟ್ 2014ರ ಮಾರ್ಚ್‌ನಲ್ಲಿ ಹೇಳಿತು. ಇಬ್ಬರೂ ಸುಪ್ರೀಂ ಕೋರ್ಟಿಗೆ ಹೋದರು. 2016ರಲ್ಲಿ ಸರ್ಕಾರ ‘ವಿದೇಶಿ’ ಅನ್ನೋ ಪದದ ಅರ್ಥವನ್ನೇ ಹಿಂದಿನ ದಿನಾಂಕದಿಂದ ಬದಲಿಸಿತು. 2018ರ ಹಣಕಾಸು ಮಸೂದೆಯಲ್ಲಿ ಆ ದಿನಾಂಕ ಇನ್ನೂ ಹಿಂದಕ್ಕೆ, 1976ರ ಆಗಸ್ಟ್‌ವರೆಗೂ ಹೋಯಿತು. ಆ ಮಸೂದೆ ಲೋಕಸಭೆಯಲ್ಲಿ ಚರ್ಚೆಯಿಲ್ಲದೆ ಪಾಸಾಯಿತು. ಟೆಸ್ಟ್ ಫೇಲ್ ಆಯ್ತು ಅಂತ ಕೋಡ್ ಸರಿ ಮಾಡದೆ ಟೆಸ್ಟನ್ನೇ ತಿದ್ದೋದು ಅಂತೀವಲ್ಲ, ಅದು.

ಅಪ್ಪನಿಗೂ ಮಾವನಿಗೂ ಇದಕ್ಕೆ ಉತ್ತರ ಇರಲಿಲ್ಲ. ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚಿದರು, ಅಪ್ಪ ಅಡಿಕೆ ಮುಂದೆ ಮಾಡಿದರು. ಮಾತು ಶುರುವಾಗಿತ್ತಲ್ಲ, ಅಮ್ಮನಿಗೆ ಅಷ್ಟು ಸಾಕಾಗಿತ್ತು.

ಅಲ್ಲಿಯವರೆಗೂ ನನಗೆ ಇದು ಡೇಟಾ. ಸ್ವಂತ ಮೈಗೆ ತಟ್ಟಿದ್ದು ಮೂರು ತಿಂಗಳ ನಂತರ.

2023ರ ಫೆಬ್ರವರಿಯಲ್ಲಿ ಆಗಿನ ಬಿಜೆಪಿ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆ ದುಡಿಸೋಕೆ ದಾರಿ ಮಾಡಿತ್ತು. ನಾವು ಐಟಿಯವರು, ನಮಗೇನು ಅಂದುಕೊಂಡೆ. 2024ರ ಜುಲೈಯಲ್ಲಿ ಕಾಂಗ್ರೆಸ್ ಸರ್ಕಾರದ ಟೇಬಲ್ ಮೇಲೆ ನಮ್ಮ ಸರದಿ ಬಂತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತಿದ್ದಿ, ಐಟಿ ನೌಕರರನ್ನು ದಿನಕ್ಕೆ 12 ಗಂಟೆಗೂ ಮೀರಿ, ಮೂರು ತಿಂಗಳಿಗೆ 125 ಗಂಟೆಯ ಮಿತಿಯಲ್ಲಿ ಹೆಚ್ಚುವರಿ ದುಡಿಸಬಹುದು ಅನ್ನೋ ಪ್ರಸ್ತಾವ. ಐಟಿ ನೌಕರರ ಸಂಘ ಇದು 14 ಗಂಟೆಯ ದಿನ ಅಂತ ಗಲಾಟೆ ಎಬ್ಬಿಸಿತು. ಉದ್ಯಮದ ಒತ್ತಡದಿಂದ ಇದು ನಮ್ಮ ಮುಂದೆ ಬಂದಿದೆ ಅಂತ ಕಾರ್ಮಿಕ ಸಚಿವ ಸಂತೋಷ್ ಲಾಡ್ ಬಹಿರಂಗವಾಗಿಯೇ ಹೇಳಿದರು. ಆ ಪ್ರಾಮಾಣಿಕತೆಗೆ ನಿಜಕ್ಕೂ ಥ್ಯಾಂಕ್ಸ್. ಆಗ ನಮ್ಮ ಟೀಮಿನಲ್ಲಿ ಕಾಗದದ ಮೇಲೆ ಒಂಬತ್ತು ಗಂಟೆ, ಲೆಕ್ಕದಲ್ಲಿ ಹನ್ನೊಂದು, ರಿಲೀಸ್ ವಾರದಲ್ಲಿ ಲೆಕ್ಕವೇ ಇಲ್ಲ. ಪಕ್ಕದ ಸೀಟಿನವಳು ಮಗುವಿಗೆ ವಿಡಿಯೋ ಕಾಲ್‌ನಲ್ಲೇ ಗುಡ್‌ನೈಟ್ ಹೇಳ್ತಿದ್ದಳು. ಇದನ್ನು ಕಾನೂನು ಮಾಡ್ತಾರಂತೆ ಅಂದರೆ ಅವಳು ನಕ್ಕಳು, ‘ಈಗೇನು ಮಾಡ್ತಿದೀವಿ?’

ಅದೇ ಜುಲೈಯ ಇನ್ನೊಂದು ಸಂಗತಿ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ನಾಸ್ಕಾಮ್ ಕಳವಳದ ಹೇಳಿಕೆ ಕೊಟ್ಟಿತು, ದೊಡ್ಡ ಉದ್ಯಮಿಗಳು ಟ್ವೀಟ್ ಮಾಡಿದರು. ಒಂದೆರಡು ದಿನದಲ್ಲೇ ಮಸೂದೆ ತಡೆಹಿಡಿಯಲ್ಪಟ್ಟಿತು. ಆ ಮಸೂದೆ ಒಳ್ಳೆಯದೇ ಅನ್ನೋದರಲ್ಲಿ ನನಗೆ ಅನುಮಾನ ಇದೆ. ನನ್ನನ್ನು ಕಾಡೋದು ಆ ಸ್ಪೀಡ್. ರೈತರು ಇದಕ್ಕೆ ಎಷ್ಟು ಕಾಯಬೇಕು ಗೊತ್ತಾ?

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯನ್ನು ಕೇಳಿ. 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ತೆಗೆದುಕೊಳ್ಳೋಕೆ ಹೊರಟದ್ದು ಬಿಜೆಪಿ ಸರ್ಕಾರ. 2022ರಲ್ಲಿ ರೈತರು ಧರಣಿ ಕೂತರು. ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯ ಅಲ್ಲಿಗೆ ಹೋಗಿ ಬೆಂಬಲ ಕೊಟ್ಟಿದ್ದರು. ಅವರೇ ಮುಖ್ಯಮಂತ್ರಿಯಾದ ಮೇಲೂ ಫೈಲ್ ನಿಲ್ಲಲಿಲ್ಲ. 2025ರ ಜೂನ್‌ನಲ್ಲಿ ಧರಣಿನಿರತರನ್ನು ಪೊಲೀಸರು ವ್ಯಾನಿಗೆ ಹತ್ತಿಸಿದರು. ಆಮೇಲೆ ರಾಜ್ಯದ ಎಲ್ಲ ಕಡೆಯಿಂದ ಸಂಘಟನೆಗಳು ಬಂದವು, ಕಲಾವಿದರು ಬಂದರು, ಜುಲೈ 15ಕ್ಕೆ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಮೂರು ವರ್ಷ ದಾಟಿತ್ತು. ಮಾವ ಹೆಮ್ಮೆಯಿಂದ ಫೋನ್ ಮಾಡಿದರು, ‘ನೋಡಿದ್ಯಾ, ನಮ್ಮೋರು ಕೇಳಿಸ್ಕೊಂಡ್ರು.’ ಅದು ಸುಳ್ಳಲ್ಲ. ಎಲ್ಲ ಸರ್ಕಾರವೂ ಹೀಗೆ ಹಿಂದೆ ಸರಿಯೋದಿಲ್ಲ. ಅದೇ ದಿನ ಆಂಧ್ರದ ಸಚಿವ ನಾರಾ ಲೋಕೇಶ್, ಬೆಂಗಳೂರಿನ ಪಕ್ಕದಲ್ಲೇ ನಮ್ಮಲ್ಲಿ 8,000 ಎಕರೆ ರೆಡಿ ಇದೆ, ಬನ್ನಿ ಅಂತ ಏರೋಸ್ಪೇಸ್ ಕಂಪನಿಗಳನ್ನು ಎಕ್ಸ್‌ನಲ್ಲಿ ಕರೆದರು. ಮುಖ್ಯಮಂತ್ರಿಗಳು ಯಾಕೆ ಬೆವರುತ್ತಾರೆ ಅಂತ ನನಗೆ ಆಗ ಅರ್ಥವಾಯಿತು. ದೇಣಿಗೆ ಒಂದು ಕಡೆ, ಪಕ್ಕದ ರಾಜ್ಯ ಇನ್ನೊಂದು ಕಡೆ.

ಹಾಗಾದರೆ ವೋಟು ಹಾಕೋದು ದಂಡವಾ? ಹಾಗೆ ನನಗೆ ಅನ್ನಿಸಲ್ಲ. ಶಾಲೆಯ ಪಠ್ಯ, ಅಕ್ಕಿ, ಯಾವ ಧರ್ಮದವರು ಎಷ್ಟು ನೆಮ್ಮದಿಯಿಂದ ಬದುಕಬಹುದು ಅನ್ನೋದು, ಇದೆಲ್ಲ ಸರ್ಕಾರ ಬದಲಾದರೆ ಬದಲಾಗುತ್ತೆ. ಊಟ ತಂದುಕೊಡೋ ಹುಡುಗರಿಗೆ ಪ್ರತಿ ಆರ್ಡರಿನಿಂದ ಒಂದು ಪಾಲು ಕಲ್ಯಾಣ ನಿಧಿಗೆ ಹೋಗಬೇಕು ಅಂತ 2025ರಲ್ಲಿ ಕಾನೂನು ಮಾಡಿದ್ದು ಇದೇ ಕಾಂಗ್ರೆಸ್ ಸರ್ಕಾರ. ಆ ಹುಡುಗರು ಸಂಘ ಕಟ್ಟಿ ವರ್ಷಗಟ್ಟಲೆ ಬೀದಿಯಲ್ಲಿದ್ದರು ಅನ್ನೋದೂ ಗೊತ್ತಿರಲಿ. ನನ್ನ ಶೀಟಿನಲ್ಲಿ ಈ ತರದ ಕಾಲಂ ಇರಲಿಲ್ಲ, ಆಮೇಲೆ ಸೇರಿಸಿದೆ.

2025ರ ಜೂನ್‌ನಲ್ಲಿ ಕೆಲಸದ ಗಂಟೆ ಹೆಚ್ಚಿಸೋ ಪ್ರಸ್ತಾವ ಮತ್ತೆ ತಲೆ ಎತ್ತಿತು, ಈ ಸಲ ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12. ನಾನು ಯೂನಿಯನ್ ಸದಸ್ಯತ್ವದ ಫಾರಂ ಡೌನ್‌ಲೋಡ್ ಮಾಡಿಕೊಂಡೆ. ಭಾನುವಾರ ಮನೆಯಲ್ಲಿ ಹೇಳಿದೆ, ಮಾವನೂ ಬಂದಿದ್ದರು.

‘ಕೆಂಪು ಬಾವುಟದವರ ಸಹವಾಸ ಯಾಕೋ?’ ಅಂದರು ಅಪ್ಪ. ‘ಹೋಂ ಲೋನ್ ಇದೆ, ಕಂಪನಿಯೋರಿಗೆ ಗೊತ್ತಾದ್ರೆ ಏನ್ ಮಾಡ್ತೀಯ? ಭಾವ ಹೇಳೋದು ಸರಿಯಾಗಿದೆ’ ಅಂದರು ಮಾವ.

ಎರಡು ವರ್ಷದಲ್ಲಿ ಇಬ್ಬರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ಅಮ್ಮ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಫಾರಂ ಫೋನಿನಲ್ಲೇ ಇದೆ. ಹೆಸರು, ವಿಳಾಸ ತುಂಬಿದ್ದೇನೆ, ಕಂಪನಿಯ ಹೆಸರಿನ ಜಾಗ ಖಾಲಿ ಇದೆ.