ಬಿಸಿಯ ಚಿತ್ರ ಬರೆದ ತೆಳುಪದರ

ಪೋತ್ನಾಳದ ಏಪ್ರಿಲ್ ಬಿಸಿಲಿಗೆ ಕಾದ ಬಂಡೆ ಹೊತ್ತು ಮುಳುಗಿದ ಮೇಲೂ ಝಳ ಹೊಡೆಯುತ್ತದೆ. ಕಣ್ಣಿಗೆ ಬೀಳದ ಆ ಅವಕೆಂಪು ಕಿರಣವನ್ನು ಹಿಡಿಯುವ ಥರ್ಮಲ್ ಕ್ಯಾಮೆರಾದ ಹೆಸರು ಎಲ್ಲರಿಗೂ ಗೊತ್ತು. ಅದು ಸರಿಯಾಗಿ ನೋಡುತ್ತಿದೆಯೇ ಎಂದು ಪರೀಕ್ಷಿಸಲು ಪ್ರಯೋಗಾಲಯದಲ್ಲಿ ಬಿಸಿಯದೇ ಚಲನಚಿತ್ರ ಓಡಿಸುತ್ತಾರೆ. ಅದನ್ನು ಓಡಿಸುವ ಪ್ರೊಜೆಕ್ಟರಿನ ಕತೆ ಮಾತ್ರ ನಮ್ಮ ಓದುಗರವರೆಗೆ ಬಂದೇ ಇಲ್ಲ.

1800ರಲ್ಲಿ ವಿಲಿಯಂ ಹರ್ಷೆಲ್ ಥರ್ಮಾಮೀಟರ್ ಇಟ್ಟು, ಕಾಮನಬಿಲ್ಲಿನ ಕೆಂಪಿನಾಚೆಗೂ ಶಾಖವಿದೆ ಎಂದು ಕಂಡುಕೊಂಡರು. ಮಗ ಜಾನ್ ಹರ್ಷೆಲ್ 1840ರಲ್ಲಿ ಅದರ ಚಿತ್ರವನ್ನೇ ತೆಗೆದರು. ತೆಳು ಕಾಗದದ ಒಂದು ಮಗ್ಗುಲಿಗೆ ದೀಪದ ಮಸಿ ಹಿಡಿಸಿ, ಆಲ್ಕೋಹಾಲ್‌ನಲ್ಲಿ ತೋಯಿಸಿ, ಅದರ ಮೇಲೆ ಪಟ್ಟಕದಿಂದ ಬಿಸಿಲು ಬೀಳಿಸಿದರು. ಶಾಖ ತಾಗಿದ ಕಡೆ ಕಾಗದ ಬೇಗ ಆರಿ ಬೆಳ್ಳಗಾಯಿತು. ಕೆಂಪಿನಾಚೆ, ಏನೂ ಕಾಣದ ಜಾಗದಲ್ಲಿ, ನಡುನಡುವೆ ತೆರಪು ಬಿಟ್ಟು ಒಣಮಚ್ಚೆಗಳು ಮೂಡಿದವು. ಎಂಥ ಸರಳ, ಎಂಥ ಸೊಗಸಾದ ಪ್ರಯೋಗ!

ಜರ್ಮನಿಯ ಮರಿಯಾನುಸ್ ಚೆರ್ನಿ 1929ರಲ್ಲಿ ಇದೇ ಉಪಾಯವನ್ನು ತೆಳುಪೊರೆಗೆ ತಂದರು. 1982ರಲ್ಲಿ ಅಮೆರಿಕದ ವಿನ್ಸೆಂಟ್ ಬ್ಲೈ ಅದನ್ನು ತಿರುವುಮುರುವು ಮಾಡಿದರು. ನಿರ್ವಾತದಲ್ಲಿ ಬಿಗಿದ ಪೊರೆಗೆ ಕಪ್ಪಾಗಿ ಕಾಣುವ ಚಿನ್ನದ ಲೇಪ ಕೊಟ್ಟು, ಅದರ ಮೇಲೆ ಸಾಮಾನ್ಯ ಬೆಳಕಿನ ಚಿತ್ರ ಬಿಟ್ಟರು. ಟೆಂಟ್ ಸಿನಿಮಾದ ಪರದೆ ಬೆಳಕನ್ನು ನಮ್ಮತ್ತ ಮರಳಿಸುತ್ತದೆ. ಈ ಪರದೆ ಬೆಳಕನ್ನು ನುಂಗಿ ಶಾಖವಾಗಿ ಉಗುಳುತ್ತದೆ. ಪೊರೆ ತೆಳ್ಳಗಿದ್ದಷ್ಟೂ ಬೇಗ ತಣಿಯುತ್ತದೆ. ತಡವಾದರೆ ಹಿಂದಿನ ಚಿತ್ರ ಮುಂದಿನದರ ಮೇಲೆ ಕಲೆಯಾಗಿ ಉಳಿಯುತ್ತದೆ.

ಇನ್ನೊಂದು ದಾರಿ ವೆನೇಡಿಯಂ ಡೈಆಕ್ಸೈಡ್. ಸುಮಾರು 68 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅದು ಲೋಹದಂತಾಗುವುದನ್ನು ಬೆಲ್ ಪ್ರಯೋಗಾಲಯದ ಮೊರಿನ್ 1959ರಲ್ಲಿ ತೋರಿಸಿದರು. ತಣ್ಣಗಿರುವಾಗ ಅದರ ತೆಳುಪದರ ಅವಕೆಂಪನ್ನು ಹಾಯಗೊಡುತ್ತದೆ, ಕಾದರೆ ತಡೆಯುತ್ತದೆ. ಹಿಂದೆ ಬಿಸಿಯ ಮೂಲವಿಟ್ಟು, ಪದರದಲ್ಲಿ ಬೇಕಾದ ಕಡೆಯಷ್ಟೇ ಕಾಯಿಸಿದರೆ ಚಿತ್ರ ಸಿದ್ಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎ. ಶಿವಶಂಕರ್ ಮತ್ತು ಸಂಗಡಿಗರು ಈ ಪದರವನ್ನು ಆವಿಯಿಂದ ಗಾಜಿನ ಮೇಲೆ ಬೆಳೆಸಿ, ಅದರ ಒಳರಚನೆಗೂ ಈ ಗುಣಕ್ಕೂ ಇರುವ ನಂಟನ್ನು 2002ರಲ್ಲಿ ಪ್ರಕಟಿಸಿದರು. ಅವರು ಪ್ರೊಜೆಕ್ಟರ್ ಕಟ್ಟಲು ಹೊರಟವರಲ್ಲ. ಆದರೆ ಅಂಥ ಪ್ರೊಜೆಕ್ಟರ್ ನಿಲ್ಲುವುದು ಇಂಥ ತಿಳಿವಳಿಕೆಯ ಮೇಲೆಯೇ.

ಇಂದು ಸೂಕ್ಷ್ಮ ಕನ್ನಡಿಗಳು, ರೆಸಿಸ್ಟರ್ ಸಾಲುಗಳು ಬಂದು ಬ್ಲೈ ಪೊರೆ ಮೂಲೆ ಸೇರಿದೆ. ಇತ್ತ ಶಾಲೆಯಲ್ಲಿ ಅವಕೆಂಪಿನ ಪಾಠವೆಂದರೆ ತಂದೆ ಹರ್ಷೆಲ್‌ಗೇ ಮುಗಿಯುತ್ತದೆ. ಮಗನ ಕಾಗದ ಬಿಟ್ಟುಹೋಗುತ್ತದೆ ಎಂಬುದು ನನ್ನ ಸಂಕಟ. ಪಟ್ಟಕ, ಮಸಿ, ತುಸು ಸ್ಪಿರಿಟ್ ಒದಗಿಸಿದರೆ ಮಾನ್ವಿ, ದೇವದುರ್ಗದ ಹೈಸ್ಕೂಲುಗಳಲ್ಲೂ ಮೇಷ್ಟ್ರ ಎದುರಿನಲ್ಲೇ ಈ ಪ್ರಯೋಗಕ್ಕೆ ಕೈಹಾಕಬಹುದು. ಬಿಸಿಲಿಗಂತೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ.