ರಾಜಭವನಕ್ಕೆ ಹೋದ ಹತ್ತೊಂಬತ್ತು ಪತ್ರಗಳು

ಭರತ ಹುಣ್ಣಿಮೆ ಜಾತ್ರೆಯಲ್ಲಿ ಹಡಗಲಿ ತಾಲ್ಲೂಕಿನ ಮೈಲಾರದ ಡೆಂಕಣಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ, ‘ಸದ್ದಲೇ’ ಎಂದು ಜನರನ್ನು ಸುಮ್ಮನಾಗಿಸಿ, ಒಂದೇ ಸಾಲಿನ ಭವಿಷ್ಯವಾಣಿ, ಅಂದರೆ ಕಾರ್ಣಿಕ, ನುಡಿಯುತ್ತಾನೆ. ಅದರಲ್ಲಿ ಮಳೆ-ಬೆಳೆ ಹುಡುಕುವವರು ಕೆಲವರು, ಸರ್ಕಾರ ಉಳಿಯುತ್ತದೋ ಉರುಳುತ್ತದೋ ಎಂದು ಲೆಕ್ಕ ಹಾಕುವವರು ಹಲವರು. ಈ ಸೀಮೆಗೆ ರಾಜಕೀಯದ ಹುಚ್ಚು ಹೊಸದಲ್ಲ. ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪ ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ, ಉಪಮುಖ್ಯಮಂತ್ರಿಯಾಗಿದ್ದ ಎಂ.ಪಿ. ಪ್ರಕಾಶ್ ಹಡಗಲಿಯವರು.

ರಾಜಕಾರಣಿಗಳ ಆತ್ಮಕಥೆಗಳೂ ಕಾರ್ಣಿಕಕ್ಕೆ ಅರ್ಥ ಹೇಳುವವರ ಹಾಗೆಯೇ. ಆಗಿಹೋದದ್ದಕ್ಕೆ ತಮಗೆ ಒಗ್ಗುವ ಅರ್ಥ ಹೊಂದಿಸುತ್ತವೆ. ಕಾಂಗ್ರೆಸ್ ಒಡೆದ 1969ರ ಕಥೆಗೆ ನಿಜಲಿಂಗಪ್ಪನವರ ಆತ್ಮಕಥೆ ಇದೆ. 1971ರಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಬಿದ್ದು ರಾಷ್ಟ್ರಪತಿ ಆಳ್ವಿಕೆ ಬಂದಾಗ ಇಲ್ಲಿ ರಾಜ್ಯಪಾಲರಾಗಿದ್ದವರು ಧರ್ಮವೀರ. ಅವರೂ ಬರೆದರು. 1967ರಲ್ಲಿ ಬಂಗಾಳದ ಅಜಯ್ ಮುಖರ್ಜಿ ಸರ್ಕಾರವನ್ನು ವಜಾ ಮಾಡಿದ್ದವರೂ ಅವರೇ. ಬೇಗ ಸದನ ಕರೆಯಿರಿ ಎಂದರೆ ಮುಖ್ಯಮಂತ್ರಿ ಡಿಸೆಂಬರ್ 18ರವರೆಗೆ ಕಾಯಿರಿ ಎಂದರು, ಅದಕ್ಕೇ ಆ ಕ್ರಮ ಎಂಬುದು ಆಗಿನ ಸಮರ್ಥನೆ.

1989ರಲ್ಲಿ ಕರ್ನಾಟಕದಲ್ಲಿ ಇದೆಲ್ಲ ತಿರುಗುಮುರುಗಾಯಿತು: ಬೇಗ ಸದನ ಕರೆಯುತ್ತೇನೆ ಎಂದವರು ಮುಖ್ಯಮಂತ್ರಿ, ಒಪ್ಪದವರು ರಾಜ್ಯಪಾಲರು. ಏಪ್ರಿಲ್ 15ರಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸಂಪುಟ ವಿಸ್ತರಿಸಿದರು. ಮಂತ್ರಿ ಪದವಿ ಹಂಚಿದ ಮೇಲೆ ಸಿಗದವರ ಮುನಿಸು ಇದ್ದದ್ದೇ. ಎರಡೇ ದಿನಕ್ಕೆ ಶಾಸಕ ಕೆ.ಆರ್. ಮೊಳಕೇರಿ ಪಕ್ಷ ಬಿಟ್ಟರು. ಬೆಂಬಲ ಹಿಂತೆಗೆದ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. 19ರಂದು ದೆಹಲಿಗೆ ವರದಿ ಹೋಯಿತು. 20ರಂದು ಆ 19 ಮಂದಿಯಲ್ಲಿ ಏಳು ಜನ, ನಮ್ಮ ಸಹಿ ಪಡೆದದ್ದು ತಪ್ಪು ಮಾಹಿತಿ ಕೊಟ್ಟು, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. 27ಕ್ಕೆ ಸದನ ಕರೆಯುತ್ತೇವೆ, ಬೇಕಾದರೆ ಇನ್ನೂ ಮೊದಲೇ ಬಹುಮತ ತೋರಿಸುತ್ತೇವೆ ಎಂದರು ಬೊಮ್ಮಾಯಿ. ರಾಜ್ಯಪಾಲರು ಒಪ್ಪದೆ ಎರಡನೇ ವರದಿ ಕಳಿಸಿದರು. 21ಕ್ಕೆ ಸರ್ಕಾರವೇ ಇರಲಿಲ್ಲ. ಒಂದು ವಾರ ಕಾಯಲಾಗದ ಅವಸರ ಏನಿತ್ತು?

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಅವರ ಪರ ನಿಂತಿತು. ಬಹುಮತ ತೂಗಬೇಕಾದದ್ದು ಸದನದಲ್ಲಿ, ರಾಜಭವನದ ಕೋಣೆಯಲ್ಲಲ್ಲ ಎಂದಿತು. ಅಷ್ಟರಲ್ಲಿ 1989ರ ನವೆಂಬರ್ ಚುನಾವಣೆ ಮುಗಿದು, ವೀರೇಂದ್ರ ಪಾಟೀಲರು ಮತ್ತೆ ಬಂದು, ಹೋಗಿಯೂ ಆಗಿತ್ತು. ವಜಾ ಆದೇಶ ಹೊರಡಿಸಿದ ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ನೆನಪುಗಳ ಪುಸ್ತಕ ಹೊರಬಂದದ್ದೂ 1994ರಲ್ಲೇ.

ಈ ಪ್ರಸಂಗಕ್ಕೆ ಯಾವುದೇ ಆತ್ಮಕಥೆಗಿಂತ ಮೊದಲು ಓದಬೇಕಾದದ್ದು ಆ ತೀರ್ಪು ಎನ್ನುತ್ತೇನೆ. ಉದ್ದ ಹೌದು, ಒಣ ಭಾಷೆಯೂ ಹೌದು. ಆದರೆ ಯಾವ ದಿನ ಯಾರು ಯಾರಿಗೆ ಏನು ಬರೆದರು ಎಂಬುದು ಅದರಲ್ಲಿ ಸಾಲಾಗಿ ಸಿಗುತ್ತದೆ. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಸಿಗಲಿಲ್ಲ. ಆ ತೀರ್ಪು ದಕ್ಕಿದ್ದು ಮುಂದಿನವರಿಗೆ, ನಿಯಮವಾಗಿ: 2018ರ ಮೇ 19ರಂದು ಸದನದಲ್ಲಿ ಬಹುಮತ ತೋರಿಸಬೇಕಾದ ಯಡಿಯೂರಪ್ಪ ಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು, 2019ರ ಜುಲೈ 23ರಂದು ಕುಮಾರಸ್ವಾಮಿ 99–105ರಲ್ಲಿ ಎಲ್ಲರ ಕಣ್ಣೆದುರೇ ಸೋತರು.