ತಿರುಪಿಗೆ ಕೈಯಿಡುವ ಮುನ್ನ
ಯಂತ್ರಗರಗಸದ ಕಾರ್ಬ್ಯುರೇಟರ್: ಮನೆಯಲ್ಲಿಯೇ ಮಾಡಬಹುದಾದ ಪರಿಶೀಲನೆ

ಮಳೆಗಾಲದ ಗಾಳಿಗೆ ತೋಟದ ನಡುವೆ ಹಲಸಿನ ಮರವೊಂದು ಅಡ್ಡಬಿದ್ದರೆ, ಹಿಂದೆ ಇಬ್ಬರು ಆಳುಗಳು ಗರಗಸ ಹಿಡಿದು ದಿನವಿಡೀ ಎಳೆಯಬೇಕಾಗಿತ್ತು. ಆ ಕೆಲಸವನ್ನು ಪೆಟ್ರೋಲಿನಿಂದ ನಡೆಯುವ ಯಂತ್ರಗರಗಸವು, ಎಂದರೆ ನಾವು ಚೈನ್‌ಸಾ ಎಂದು ಕರೆಯುವ ಸಾಧನವು, ಈಗ ಅಲ್ಪ ಕಾಲದಲ್ಲಿ ಮುಗಿಸುತ್ತದೆ. ಕಾಸರಗೋಡಿನ ಅಡಕೆ ತೋಟಗಳಲ್ಲಿಯೂ ವಯನಾಡಿನ ಕಾಫಿ ತೋಟಗಳಲ್ಲಿಯೂ ಅದು ಅನೇಕ ಮನೆಗಳ ಕೊಟ್ಟಿಗೆಯನ್ನು ಸೇರಿದೆ. ಆದರೆ ವರ್ಷದ ಬಹುಭಾಗ ಮೂಲೆಯಲ್ಲಿ ಕುಳಿತು, ಬೇಕಾದ ದಿನವೇ ಮುನಿಸಿಕೊಳ್ಳುವುದು ಇದರ ಸ್ವಭಾವ. ಆಗ ಮೊದಲ ಸಂಶಯ ಕಾರ್ಬ್ಯುರೇಟರಿನ ಮೇಲೆ. ಸ್ಕ್ರೂಡ್ರೈವರ್ ಹಿಡಿದ ಕೈ ನೇರವಾಗಿ ಅದರ ತಿರುಪುಗಳತ್ತ ಸಾಗುತ್ತದೆ. ಕೆಡುಕು ಆರಂಭವಾಗುವುದು ಇಲ್ಲಿಯೇ.

ಒಳಗಿನ ವ್ಯವಸ್ಥೆ

ಪೆಟ್ರೋಲನ್ನೂ ಗಾಳಿಯನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಎಂಜಿನಿಗೆ ಒದಗಿಸುವುದು ಕಾರ್ಬ್ಯುರೇಟರಿನ ಕಾರ್ಯ. ಹಳೆಯ ಮೋಟಾರ್ ಸೈಕಲುಗಳಲ್ಲಿ ಪೆಟ್ರೋಲ್ ಒಂದು ಪುಟ್ಟ ಬಟ್ಟಲಲ್ಲಿ ನಿಂತಿರುತ್ತದೆ. ಅದರ ಮಟ್ಟವನ್ನು ತೇಲುವ ಗುಂಡೊಂದು ಕಾಯುತ್ತದೆ. ಆರಂಭ ಕಾಲದ ಯಂತ್ರಗರಗಸಗಳಲ್ಲಿಯೂ ಇದೇ ಏರ್ಪಾಡು ಇದ್ದುದರಿಂದ ಅವುಗಳನ್ನು ಮನಬಂದಂತೆ ಓರೆಮಾಡುವಂತಿರಲಿಲ್ಲ. ಈಗಿನವುಗಳಲ್ಲಿ ಬಟ್ಟಲಿನ ಬದಲಿಗೆ ಡಯಾಫ್ರಮ್ ಎಂಬ ಎರಡು ತೆಳು ಪೊರೆಗಳಿವೆ. ಒಂದು ಪೊರೆಯು ಎಂಜಿನಿನೊಳಗಿನ ಒತ್ತಡದ ಏರಿಳಿತಕ್ಕೆ ಮಿಡಿದು ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಮತ್ತೊಂದು ಸೂಜಿಯಂತಹ ಕವಾಟವನ್ನು ತೆರೆದು ಮುಚ್ಚಿ ಅದನ್ನು ಅಳೆದು ಕೊಡುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದಿದೆ. ಇದು ಟು-ಸ್ಟ್ರೋಕ್ ಎಂಜಿನ್. ಇದರ ಪಿಸ್ಟನ್ನಿಗೆ ಬೇಕಾದ ಜಿಡ್ಡು ದೊರೆಯುವುದು ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯಿಂದ ಮಾತ್ರ. ತಿರುಪನ್ನು ತಿರುಗಿಸಿ ಪೆಟ್ರೋಲ್ ಕಡಮೆ ಮಾಡಿದರೆ ಎಣ್ಣೆಯೂ ಕಡಮೆಯಾಗುತ್ತದೆ. ಎಂಜಿನ್ ಆಗ ಹಿಂದೆಂದಿಗಿಂತ ಚುರುಕಾಗಿ ಓಡುವಂತೆ ತೋರುತ್ತದೆ. ಒಳಗೆ ಮಾತ್ರ ಪಿಸ್ಟನ್ ಮಿತಿಮೀರಿ ಕಾದು ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಒಂದು ಪೊರೆಯ ಬೆಲೆಯಲ್ಲಿ ಮುಗಿಯಬಹುದಾಗಿದ್ದ ದುರಸ್ತಿ ಎಂಜಿನಿಗೇ ಮೃತ್ಯುವಾಗುತ್ತದೆ.

ಮೊದಲು ನೋಡತಕ್ಕವು

ಯಾವ ಪರಿಶೀಲನೆಗೂ ಮುನ್ನ ಎಂಜಿನ್ ನಿಲ್ಲಿಸಿ, ಅದು ತಣಿದ ಬಳಿಕ, ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿಯನ್ನು ಕಳಚಬೇಕು. ಕೆಲಸ ಬಯಲಿನಲ್ಲಿ ನಡೆಯಲಿ; ಒಲೆ, ಬೀಡಿ, ಮಕ್ಕಳು ದೂರವಿರಲಿ.

ಮೊದಲನೆಯದು ಪೆಟ್ರೋಲ್. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಅಲ್ಲದೆ ೨೦೨೫ರ ಹೊತ್ತಿಗೆ ನಮ್ಮ ದೇಶದ ಬಂಕುಗಳ ಪೆಟ್ರೋಲಿನಲ್ಲಿ ಶೇಕಡಾ ೨೦ರಷ್ಟು ಎಥನಾಲ್ ಬೆರೆತಿದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಾದಾಗ ನೀರೂ ಎಥನಾಲೂ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಣ್ಣೆಯು ಪೆಟ್ರೋಲಿನೊಡನೆ ಮೇಲೆ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ! ನಮ್ಮ ಕರಾವಳಿಯ ಮಳೆಗಾಲದಲ್ಲಿ ಈ ಎಚ್ಚರ ವಿಶೇಷವಾಗಿ ಅಗತ್ಯ. ಹಳೆಯದನ್ನು ಚೆಲ್ಲದೆ ಬೇರೆ ಡಬ್ಬಿಗೆ ತೆಗೆದು, ಹೊಸ ಮಿಶ್ರಣ ಹಾಕಿರಿ. ಲೀಟರಿಗೆ ೨೦ ಮಿಲಿಲೀಟರ್ ಎಣ್ಣೆ ಎಂದರೆ ೫೦ಕ್ಕೆ ೧ರ ಪ್ರಮಾಣ; ೪೦ ಮಿಲಿಲೀಟರ್ ಎಂದರೆ ೨೫ಕ್ಕೆ ೧. ನಿಮ್ಮ ಯಂತ್ರಕ್ಕೆ ಯಾವುದು ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.

ಎರಡನೆಯದು ಗಾಳಿ. ಮರದ ಹುಡಿ ತುಂಬಿದ ಏರ್ ಫಿಲ್ಟರ್ ಎಂಜಿನಿನ ಉಸಿರು ಕಟ್ಟಿಸುತ್ತದೆ. ಹೊಗೆ ಹೆಚ್ಚುತ್ತದೆ, ಬಲ ಕುಗ್ಗುತ್ತದೆ. ಮೂರನೆಯದು ಸ್ಪಾರ್ಕ್ ಪ್ಲಗ್. ಹಲವು ಬಾರಿ ಹಗ್ಗ ಎಳೆದ ಬಳಿಕ ಪ್ಲಗ್ ಬಿಚ್ಚಿ ನೋಡಿರಿ. ಒದ್ದೆಯಾಗಿದ್ದರೆ ಪೆಟ್ರೋಲ್ ಅತಿಯಾಗಿದೆ. ಪ್ಲಗ್ಗನ್ನು ಒರಸಿ, ಸ್ವಿಚ್ ಆರಿಸಿ, ಚೋಕ್ ತೆರೆದು ಐದಾರು ಸಲ ಹಗ್ಗ ಎಳೆದರೆ ಒಳಗಿನದು ಹೊರಬೀಳುತ್ತದೆ. ಒಣಗಿದ್ದರೆ ಪೆಟ್ರೋಲ್ ಮೇಲೇರುತ್ತಿಲ್ಲ. ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ರಬ್ಬರ್ ಕೊಳವೆ ಬಿರಿದಿರಬಹುದು.

ಲಕ್ಷಣದಿಂದ ದೋಷ

ಚೆನ್ನಾಗಿ ಓಡುತ್ತಿದ್ದ ಯಂತ್ರ ಕೆಲವು ನಿಮಿಷಗಳಲ್ಲಿ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದೊಡನೆ ಮತ್ತೆ ನಡೆದರೆ, ಟ್ಯಾಂಕಿಗೆ ಗಾಳಿ ಬಿಡುವ ರಂಧ್ರ ಮುಚ್ಚಿದೆಯೆಂದು ತಿಳಿಯಬೇಕು. ನಿಧಾನವಾಗಿ ಓಡುತ್ತಿದ್ದು, ವೇಗ ಕೊಟ್ಟೊಡನೆ ಆರಿಹೋದರೆ, ಕಾರ್ಬ್ಯುರೇಟರಿನೊಳಗಿನ ಪುಟ್ಟ ಜಾಲರಿ ಕಟ್ಟಿರಬಹುದು ಅಥವಾ ಪೊರೆ ಗಡುಸಾಗಿರಬಹುದು. ಒಳ್ಳೆಯ ಪೊರೆ ಮೃದುವಾಗಿ ಬಾಗುತ್ತದೆ. ಕೆಟ್ಟದು ಒಣಗಿದ ಎಲೆಯಂತೆ ಸದ್ದುಮಾಡುತ್ತದೆ. ಅದನ್ನು ಬದಲಿಸುವಾಗ ಬಿಚ್ಚಿದ ಭಾಗಗಳನ್ನು ಅದೇ ಕ್ರಮದಲ್ಲಿ ಬಿಳಿಯ ಬಟ್ಟೆಯ ಮೇಲಿಡಿರಿ. ರಂಧ್ರಗಳಿಗೆ ತಂತಿ ಚುಚ್ಚಬೇಡಿರಿ.

ಕೈಬಿಟ್ಟರೂ ಎಂಜಿನಿನ ವೇಗ ಇಳಿಯದಿದ್ದರೆ ತಕ್ಷಣ ನಿಲ್ಲಿಸಬೇಕು. ಎಲ್ಲಿಂದಲೋ ಹೆಚ್ಚಿನ ಗಾಳಿ ಒಳನುಗ್ಗುತ್ತಿರುವ ಸೂಚನೆ ಅದು. ಮೆಕ್ಯಾನಿಕ್ ನೋಡಬೇಕಾದ ದೋಷ.

ಕೊನೆಗೆ ತಿರುಪುಗಳು

ಇವೆಲ್ಲ ಸರಿಯಿದ್ದೂ ದೋಷ ಉಳಿದರೆ ಮಾತ್ರ ತಿರುಪಿನ ಸರದಿ. ಸಾಮಾನ್ಯವಾಗಿ ಮೂರಿರುತ್ತವೆ: ನಿಧಾನ ವೇಗದ ಪೆಟ್ರೋಲಿಗೊಂದು, ಹೆಚ್ಚಿನ ವೇಗದ ಪೆಟ್ರೋಲಿಗೊಂದು, ಸುಮ್ಮನೆ ಓಡುವಾಗಿನ ವೇಗಕ್ಕೊಂದು. ಈಚಿನ ಕೆಲವು ಯಂತ್ರಗಳಲ್ಲಿ ಪೆಟ್ರೋಲಿನ ಅಳತೆಯನ್ನು ವಿದ್ಯುನ್ಮಾನ ಸಾಧನವೇ ನೋಡಿಕೊಳ್ಳುತ್ತದೆ. ತಿರುಪನ್ನು ಮುಟ್ಟುವ ಮುನ್ನ ಅದನ್ನು ಮೆಲ್ಲನೆ ಮುಚ್ಚುತ್ತಾ ಎಷ್ಟು ಸುತ್ತು ಎಂದು ಎಣಿಸಿ ಬರೆದಿಟ್ಟು, ಮತ್ತೆ ಅಷ್ಟೇ ತೆರೆಯಿರಿ. ಬಿಗಿಯಾಗಿ ತಿರುಗಿಸಿದರೆ ಸೂಜಿಯ ತುದಿ ಕೆಡುತ್ತದೆ. ಬಳಿಕ ಒಮ್ಮೆಗೆ ಕಾಲು ಸುತ್ತಿಗಿಂತಲೂ ಕಡಮೆ ಬದಲಿಸಿ ಪರೀಕ್ಷಿಸಿರಿ. ಹೆಚ್ಚಿನ ವೇಗದ ತಿರುಪನ್ನು ವೇಗಮಾಪಕವುಳ್ಳ ಮೆಕ್ಯಾನಿಕ್ಕಿಗೆ ಬಿಡುವುದೇ ಲೇಸು.

ಸುಮ್ಮನೆ ಓಡುವಾಗ ಸರಪಳಿ ತಿರುಗಕೂಡದು. ತಿರುಗುತ್ತಿದ್ದರೆ ಆ ವೇಗದ ತಿರುಪನ್ನು ಇಳಿಸಬೇಕು. ಇಳಿಸಿದರೂ ತಿರುಗಿದರೆ ಕ್ಲಚ್ಚನ್ನು ತೋರಿಸದೆ ಯಂತ್ರವನ್ನು ಬಳಸಲೇಬಾರದು; ಇದು ಕೈಕಾಲಿನ ಪ್ರಶ್ನೆ.

ಇಷ್ಟೆಲ್ಲ ತೊಂದರೆಯ ಬಹುಭಾಗವನ್ನು ತಡೆಯುವ ಉಪಾಯ ಸುಲಭವಾಗಿದೆ. ಕೆಲಸದ ಕಾಲ ಮುಗಿದೊಡನೆ ಟ್ಯಾಂಕ್ ಬರಿದುಮಾಡಿ, ಎಂಜಿನನ್ನು ಅದಾಗಿಯೇ ಆರುವವರೆಗೆ ನಿಧಾನವಾಗಿ ಓಡಿಸಿ ಒಳಗಿಡಿರಿ. ಮಿಶ್ರಣದ ಡಬ್ಬಿಯ ಮೇಲೆ ಬೆರೆಸಿದ ದಿನಾಂಕವನ್ನು ಬರೆದಂಟಿಸಿರಿ. ಒಂದು ತಿಂಗಳು ಮೀರಿದ್ದನ್ನು ಯಂತ್ರಕ್ಕೆ ಹಾಕಬೇಡಿರಿ.